ಉಪಕರಣ ಶುದ್ಧಿಯೂ ವೈಯಾವೃತ್ತ್ಯವೇ: ವೃದ್ಧ-ರೋಗಿಗಳ ನಿಲಯಗಳ ಪಾಕಶಾಲೆಯನ್ನು ಕುರಿತು ಒಂದು ಸ್ವಾಧ್ಯಾಯ ಪಾಠ

ಶ್ರಾವಕರ ಹನ್ನೆರಡು ವ್ರತಗಳಲ್ಲಿ ಕೊನೆಯ ನಾಲ್ಕು ಶಿಕ್ಷಾವ್ರತಗಳು. ಸ್ವಾಮಿ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇವನ್ನು ದೇಶಾವಕಾಶಿಕ, ಸಾಮಾಯಿಕ, ಪ್ರೋಷಧೋಪವಾಸ, ವೈಯಾವೃತ್ತ್ಯ ಎಂದು ಗಣಿಸಿರುವರು. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಅತಿಥಿಸಂವಿಭಾಗವೆಂದು ಹೇಳಿದ ವ್ರತದ ಸ್ಥಾನದಲ್ಲಿ ಇಲ್ಲಿ ವೈಯಾವೃತ್ತ್ಯವೆಂಬ ವಿಶಾಲವಾದ ಹೆಸರು ನಿಂತಿದೆ. ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕರ ದಾನದಿಂದ ಈ ವೈಯಾವೃತ್ತ್ಯವು ನಾಲ್ಕು ವಿಧವಾಗುತ್ತದೆಂಬುದು ಆಚಾರ್ಯರ ನಿರೂಪಣೆ.

ಈ ನಾಲ್ಕರಲ್ಲಿ ಆಹಾರದಾನದ ವಿಷಯದಲ್ಲಿ ನಮ್ಮ ಸಮಾಜದ ಉತ್ಸಾಹಕ್ಕೆ ಕೊರತೆಯಿಲ್ಲ. ಔಷಧಕ್ಕೂ ಕಟ್ಟಡಕ್ಕೂ ಹಣ ಕೂಡಿಬರುತ್ತದೆ. ಮೂರನೆಯದಾದ ಉಪಕರಣದ ಗತಿ ಮಾತ್ರ ಬೇರೆ. ಅದು ಒಮ್ಮೆ ಕೊಟ್ಟು ಮರೆತುಬಿಡುವ ವಸ್ತುವಾಗಿದೆ. ದಾನಿಗಳ ಹೆಸರನ್ನು ಕೆತ್ತಿಸಿದ ಕೊಪ್ಪರಿಗೆಯು ನಿಲಯದ ಪಾಕಶಾಲೆಗೆ ಬಂದು ಸೇರುತ್ತದೆ. ಆ ಹೆಸರಿನ ಅಕ್ಷರಗಳ ನಡುವೆ ಸೇರಿಕೊಂಡ ಜಿಡ್ಡನ್ನು ಮುಂದಿನ ಇಪ್ಪತ್ತು ವರ್ಷ ಯಾರು ತೆಗೆಯುವರು, ಯಾವ ಬೆಳಕಿನಲ್ಲಿ ನೋಡುವರು, ಕಲಾಯಿ ಸವೆದಾಗ ಯಾರು ಮಾಡಿಸುವರು ಎಂಬ ಪ್ರಶ್ನೆಗಳನ್ನು ಕೊಟ್ಟವರು ಕೇಳುವುದಿಲ್ಲ, ಪಡೆದವರು ಹೇಳುವುದಿಲ್ಲ. ಈ ಪಾಠದ ವಿಷಯ ಇದೇ.

ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ವೈಯಾವೃತ್ತ್ಯವೆಂಬುದು ಮುಖ್ಯಾರ್ಥದಲ್ಲಿ ಸಂಯಮಿಗಳ ಸೇವೆ. ಅವರ ಉಪಕರಣಗಳೆಂದರೆ ಪಿಂಛ, ಕಮಂಡಲು, ಶಾಸ್ತ್ರಗಳು. ವ್ರತಗಳನ್ನು ಪಾಲಿಸುವ ಶ್ರಾವಕ-ಶ್ರಾವಿಕೆಯರನ್ನು ಮಧ್ಯಮ ಪಾತ್ರರೆಂದೂ, ವ್ರತರಹಿತ ಸಮ್ಯಗ್ದೃಷ್ಟಿಗಳನ್ನು ಜಘನ್ಯ ಪಾತ್ರರೆಂದೂ ಶಾಸ್ತ್ರವು ಹೇಳುತ್ತದೆ. ಉಳಿದ ದೀನರಿಗೂ ರೋಗಿಗಳಿಗೂ ಸಲ್ಲುವುದು ಕರುಣಾದಾನ. ತ್ಯಾಗಿ ನಿವಾಸ, ವೃದ್ಧಾಶ್ರಮ, ರೋಗಿಗಳ ಶುಶ್ರೂಷಾ ನಿಲಯ ಇವುಗಳಲ್ಲಿ ಈ ಎಲ್ಲ ಬಗೆಯವರೂ ಒಂದೇ ಅಡುಗೆಮನೆಯಿಂದ ಉಣ್ಣುವರು. ಅವರ ಪಾಲಿಗೆ ಪಾತ್ರೆ, ಸೌಟು, ನೀರು ಶೋಧಿಸುವ ಬಟ್ಟೆ, ರುಬ್ಬುವ ಯಂತ್ರ ಇವೇ ಉಪಕರಣಗಳು.

ಪಂಚಸೂನಗಳು ಅಂದು-ಇಂದು

ಗೃಹಸ್ಥನ ಮನೆಯಲ್ಲಿ ಐದು ಹಿಂಸಾಸ್ಥಾನಗಳುಂಟು. ಅವೇ ಪಂಚಸೂನಗಳು: ಒರಳು-ಒನಕೆ, ಬೀಸುವ ಕಲ್ಲು, ಒಲೆ, ನೀರಿನ ಕೊಡ, ಪೊರಕೆ. ಸೂನಗಳೂ ಆರಂಭಗಳೂ ಇಲ್ಲದ ಸಂಯಮಿಗಳಿಗೆ ಗೃಹಸ್ಥನು ದಾನವನ್ನು ಕೊಡಬೇಕೆಂದು ಸಮಂತಭದ್ರರು ಹೇಳುವಾಗ, ಆ ಆರಂಭದ ಭಾರವನ್ನು ಹೊತ್ತವನು ಗೃಹಸ್ಥನೇ ಎಂಬುದು ಸ್ಪಷ್ಟವಾಗುತ್ತದೆ. ಭಾರ ಹೊತ್ತವನಿಗೆ ಯತ್ನಾಚಾರದ ಹೊಣೆಯೂ ಉಂಟು.

ಇಂದು ಒರಳಿನ ಸ್ಥಾನದಲ್ಲಿ ಮಿಕ್ಸಿ ಬಂದಿದೆ; ಕಲ್ಲಿನ ಸ್ಥಾನದಲ್ಲಿ ವಿದ್ಯುತ್ತಿನ ಗ್ರೈಂಡರ್ ಇದೆ. ಸೌದೆಯ ಒಲೆ ಹೋಗಿ ಗ್ಯಾಸ್ ಒಲೆ, ಕೊಡ ಹೋಗಿ ಮೇಲ್ಛಾವಣಿಯ ತೊಟ್ಟಿ ಮತ್ತು ಶೋಧಕ ಯಂತ್ರ, ಪೊರಕೆಯ ಜೊತೆಗೆ ನೆಲ ಒರಸುವ ಹಿಡಿಬಟ್ಟೆ ಬಂದಿವೆ. ಸೂನಗಳು ಐದೇ, ಆದರೆ ಅವುಗಳ ಒಳಗೆ ಕಣ್ಣಿಗೆ ಕಾಣದ ಮೂಲೆಗಳು ಹೆಚ್ಚಿದವು. ಒರಳನ್ನು ನೋಡಿದೊಡನೆ ಅದರ ಕುಳಿಯಲ್ಲಿ ಏನಿದೆಯೆಂದು ತಿಳಿಯುತ್ತಿತ್ತು. ಮಿಕ್ಸಿಯ ಅಲಗಿನ ಕೆಳಗಿನ ರಬ್ಬರ್ ಉಂಗುರದಡಿ ನಿನ್ನೆಯ ಕಾಯಿತುರಿ ಉಳಿದಿದೆಯೇ ಎಂಬುದು ಬಿಚ್ಚಿದ ಹೊರತು ತಿಳಿಯದು. ಗ್ರೈಂಡರಿನ ಗುಂಡುಕಲ್ಲಿನ ನಡುಗೂಟ, ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್, ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆ, ನಲ್ಲಿಯ ತುದಿಯ ಜಾಲರಿ, ಕಾಯಿಸೌಟಿನ ಹಿಡಿಯ ಸಂದು ಇವೆಲ್ಲವೂ ಇಂತಹ ಗುಪ್ತಸ್ಥಾನಗಳು.

ನಿಕ್ಷೇಪದ ನಾಲ್ಕು ದೋಷಗಳು

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವಕ್ಕೆ ಆಧಾರವಾದ ಅಜೀವಾಧಿಕರಣವನ್ನು ನಿರ್ವರ್ತನಾ, ನಿಕ್ಷೇಪ, ಸಂಯೋಗ, ನಿಸರ್ಗ ಎಂದು ನಾಲ್ಕಾಗಿ ವಿಭಾಗಿಸಲಾಗಿದೆ. ನಿಕ್ಷೇಪವೆಂದರೆ ವಸ್ತುವನ್ನು ಇಡುವುದು. ಇದಕ್ಕೆ ಮತ್ತೆ ನಾಲ್ಕು ಭೇದಗಳನ್ನು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿರುವರು. ಇಡುವಂತಹ ಸಣ್ಣ ಕ್ರಿಯೆಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರ ಮಾಡಿರುವುದರ ಮಹತ್ತ್ವವನ್ನು ಅಡುಗೆಮನೆಯಲ್ಲಿ ನಿಂತು ನೋಡಿದರೆ ಚೆನ್ನಾಗಿ ಮನಗಾಣಬಹುದು.

ಮೊದಲನೆಯದು ಅಪ್ರತ್ಯವೇಕ್ಷಿತ ನಿಕ್ಷೇಪ, ಅಂದರೆ ನೋಡದೆ ಇಡುವುದು. ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟಿ ಕಪಾಟಿನಲ್ಲಿಡುವಾಗ ಕಪಾಟಿನ ಮೂಲೆಯಲ್ಲಿ ಇರುವೆಯ ಸಾಲಿದೆಯೇ, ಜಿರಲೆ ಮೊಟ್ಟೆಯಿಟ್ಟಿದೆಯೇ ಎಂದು ನೋಡದಿರುವುದು ಇದಕ್ಕೆ ಉದಾಹರಣೆ. ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು, ಆವಿ ಹೋಗುವ ರಂಧ್ರದಲ್ಲಿ ಬೆಳಕು ಕಾಣುತ್ತದೆಯೇ ಎಂದು ಪರೀಕ್ಷಿಸದೆ ಇಡುವುದೂ ಇದೇ ದೋಷ. ರಂಧ್ರವು ಬೇಳೆಯ ಸಿಪ್ಪೆಯಿಂದ ಮುಚ್ಚಿದ್ದರೆ ಮರುದಿನ ಒಲೆಯ ಮುಂದೆ ನಿಂತವರಿಗೇ ಪ್ರಾಣಾಪಾಯ.

ಎರಡನೆಯದು ದುಷ್ಪ್ರಮೃಷ್ಟ ನಿಕ್ಷೇಪ, ಸರಿಯಾಗಿ ಒರಸದೆ ಇಡುವುದು. ತೊಳೆಯದ ಪಾತ್ರೆಯನ್ನು ಯಾರೂ ಒಳಗಿಡುವುದಿಲ್ಲ. ಆದರೆ ತೊಳೆದು ಒದ್ದೆಯಾಗಿಯೇ ಮುಚ್ಚಿಟ್ಟ ಪಾತ್ರೆಗಳು ಎಲ್ಲೆಡೆ ಇವೆ. ತೇವವಿರುವಲ್ಲಿ ಜೀವೋತ್ಪತ್ತಿ ಎಂಬುದು ನಮ್ಮ ಅಜ್ಜಿಯರೂ ಬಲ್ಲ ಮಾತು. ಪಾತ್ರೆಯ ಒಳಮೈಯಲ್ಲಿ ಬೆರಳಾಡಿಸಿದಾಗ ಲೋಳೆಯಂತೆ ಜಾರುವ ತೆಳುಪೊರೆ ಸಿಕ್ಕಿದರೆ ಅದು ಸೂಕ್ಷ್ಮಜೀವಿಗಳು ತಾವೇ ಕಟ್ಟಿಕೊಂಡ ಮನೆಯೆಂದು ವಿಜ್ಞಾನವು ಹೇಳುತ್ತದೆ. ಬರಿಯ ನೀರು ಹಾಯಿಸಿದರೆ ಅದು ಹೋಗದು, ಉಜ್ಜಲೇಬೇಕು. ಪಾತ್ರೆ ಉಜ್ಜುವ ನಾರನ್ನೂ ಒರಸುವ ಬಟ್ಟೆಯನ್ನೂ ಹಿಂಡಿ ಬಿಸಿಲಿಗೆ ಹಾಕದಿದ್ದರೆ ಶುದ್ಧಿಯ ಸಾಧನವೇ ಅಶುದ್ಧಿಯನ್ನು ಪಾತ್ರೆಯಿಂದ ಪಾತ್ರೆಗೆ ಸಾಗಿಸುತ್ತದೆ.

ಮೂರನೆಯದು ಸಹಸಾ ನಿಕ್ಷೇಪ, ಅವಸರದಿಂದ ಇಡುವುದು. ನೂರು ಜನರ ಊಟವಾದ ಮೇಲೆ ದಣಿದ ಇಬ್ಬರು ಸೇವಕಿಯರಿಗೆ ಎಲ್ಲ ಪಾತ್ರೆಗಳನ್ನೂ ಒಪ್ಪಿಸಿದರೆ ಅವಸರವಲ್ಲದೆ ಬೇರೇನು ಸಾಧ್ಯ? ಈ ದೋಷವು ಕೈಯದಕ್ಕಿಂತ ಹೆಚ್ಚಾಗಿ ವ್ಯವಸ್ಥೆಯದು.

ನಾಲ್ಕನೆಯದು ಅನಾಭೋಗ ನಿಕ್ಷೇಪ, ಉಪಯೋಗವಿಲ್ಲದೆ, ಅಂದರೆ ಗಮನವಿಲ್ಲದೆ, ಎಲ್ಲೆಂದರಲ್ಲಿ ಇಡುವುದು. ಹಸಿ ತರಕಾರಿ ಹೆಚ್ಚಿದ ಹಲಗೆಯ ಮೇಲೆ ಬೆಂದ ಪದಾರ್ಥವನ್ನಿಡುವುದು, ರೋಗಿಯ ಕೊಠಡಿಯಿಂದ ಬಂದ ಲೋಟವನ್ನು ಪಾಕದ ಪಾತ್ರೆಗಳ ನಡುವೆ ಇಡುವುದು, ನೆಲ ಒರಸಿದ ಬಟ್ಟೆಯನ್ನು ಒಲೆಯ ಕಟ್ಟೆಯ ಮೇಲೆ ಹಾಕುವುದು ಇವೆಲ್ಲ ಇದರಲ್ಲಿ ಸೇರುತ್ತವೆ.

ನೋಡಿ ಇಡು, ಒರಸಿ ಇಡು, ನಿಧಾನವಾಗಿ ಇಡು, ತಿಳಿದು ಇಡು. ಈ ನಾಲ್ಕು ಮಾತುಗಳನ್ನು ಪಾತ್ರೆ ತೊಳೆಯುವ ಸ್ಥಳದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದರೆ ಅದೇ ಆದಾನನಿಕ್ಷೇಪಣ ಸಮಿತಿಯ ಪಾಠವಾದೀತು. ಅಹಿಂಸಾವ್ರತದ ಐದು ಭಾವನೆಗಳಲ್ಲಿ ಈ ಸಮಿತಿಯೂ ಆಲೋಕಿತಪಾನಭೋಜನವೂ ಸೇರಿರುವುದನ್ನು ವಾಚಕರು ಸ್ಮರಿಸಬೇಕು. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ನೋಡದೆ, ಒರಸದೆ ವಸ್ತುಗಳನ್ನು ತೆಗೆದುಕೊಳ್ಳುವುದು ಒಂದೆಂದು ಹೇಳಿದೆ. ಅಂದರೆ ಉಪವಾಸದಲ್ಲಿರುವವನಿಗೂ ಉಪಕರಣದ ವಿಷಯದಲ್ಲಿ ರಜೆಯಿಲ್ಲ.

ಏಕಭುಕ್ತರ ವಿಷಯದಲ್ಲಿ ವಿಶೇಷ ಎಚ್ಚರ

ಆರೋಗ್ಯವಂತ ಯುವಕನಿಗೆ ಒಂದು ದಿನದ ಹೊಟ್ಟೆನೋವಾಗಿ ಮುಗಿಯುವ ದೋಷವು ಎಂಬತ್ತು ವರ್ಷದ ವೃದ್ಧೆಗೆ ಮೃತ್ಯುಕಾರಣವಾಗಬಹುದು. ವೃದ್ಧಾಪ್ಯದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ, ಬಾಯಾರಿಕೆಯ ಅರಿವು ಕಡಿಮೆಯಾಗಿರುತ್ತದೆ, ವಾಂತಿ-ಭೇದಿಯಾದರೆ ದೇಹದ ನೀರು ಬೇಗ ಇಂಗಿಹೋಗುತ್ತದೆ. ಆಕೆ ವ್ರತಿಯಾಗಿದ್ದು ಏಕಭುಕ್ತವನ್ನು ಪಾಲಿಸುವವಳಾದರೆ ಆ ಒಂದು ಊಟವೇ ದಿನದ ಆಧಾರ. ಅಷ್ಟಮಿಯ ಉಪವಾಸ ಮುಗಿಸಿ ನವಮಿಯಂದು ಪಾರಣೆಗೆ ಕುಳಿತವಳಿಗೆ ಬಡಿಸಿದ ಗಂಜಿಯು ಅಶುದ್ಧ ಪಾತ್ರೆಯದಾದರೆ, ಆಕೆಯ ದೇಹಕ್ಕಷ್ಟೇ ಅಲ್ಲ, ಸಂಯಮಕ್ಕೂ ನಾವು ವಿಘ್ನವನ್ನೊಡ್ಡಿದಂತಾಯಿತು. ಮರುದಿನ ವೈದ್ಯರು ರಾತ್ರಿಯೂ ಔಷಧ ಸೇವಿಸಬೇಕೆಂದು ಹೇಳಿದಾಗ ಆಕೆ ಪಡುವ ಸಂಕಟಕ್ಕೆ ಕಾರಣ ಯಾರು?

ಅನುಕೂಲ ಸಿಕ್ಕಿದಾಗ ಅನೇಕ ಬ್ಯಾಕ್ಟೀರಿಯಾಗಳು ಸುಮಾರು ೨೦ ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಹಾಗೆ ತಡೆಯಿಲ್ಲದೆ ಇಮ್ಮಡಿಸಿದರೆ ಒಂದು ೭ ಗಂಟೆಗಳಲ್ಲಿ ೨೦ ಲಕ್ಷವನ್ನು ಮೀರುತ್ತದೆ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲಿಯೂ ಉಳಿಯುತ್ತವೆ. ಅನ್ನವನ್ನು ಹೊರಗಿಟ್ಟಾಗ ಅವು ಬೆಳೆದು ವಿಷವನ್ನುಂಟುಮಾಡುತ್ತವೆ, ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೧ರಲ್ಲಿ ಪ್ರಕಟಿಸಿದ ಆಹಾರ ಸುರಕ್ಷತೆಯ ಐದು ಸೂತ್ರಗಳು ಶುಚಿತ್ವ, ಹಸಿ-ಬೆಂದ ಪದಾರ್ಥಗಳ ಪ್ರತ್ಯೇಕತೆ, ಪೂರ್ಣ ಪಾಕ, ಯೋಗ್ಯ ಉಷ್ಣತೆ, ಶುದ್ಧ ನೀರು ಮತ್ತು ಶುದ್ಧ ಸಾಮಗ್ರಿ. ಬೆಂದ ಪದಾರ್ಥವನ್ನು ೨ ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದು, ೫ ಮತ್ತು ೬೦ ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯಕರ ಎಂಬುದು ಅದರ ಉಪದೇಶ. ಆಗಮದ ಸಮ್ಮೂರ್ಛನ ಜೀವಗಳೂ ಸೂಕ್ಷ್ಮದರ್ಶಕದಲ್ಲಿ ಕಾಣುವ ಬ್ಯಾಕ್ಟೀರಿಯಾಗಳೂ ಒಂದೇ ಎಂದು ಹೇಳುವ ಅವಸರ ನಮಗೆ ಬೇಡ. ಎರಡೂ ನಮಗೆ ವಿಧಿಸುವ ಕರ್ತವ್ಯ ಒಂದೇ ಎಂದು ತಿಳಿದರೆ ಸಾಕು.

ಕಾಲಮರ್ಯಾದೆಯ ವಿಷಯದಲ್ಲಿ ನಮ್ಮ ಸಂಪ್ರದಾಯವು ಇನ್ನೂ ಬಿಗಿಯಾದುದು. ಶೋಧಿಸಿದ ನೀರಿಗೆ ಒಂದು ಮುಹೂರ್ತ, ಅಂದರೆ ೪೮ ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ ೨೪ ಗಂಟೆ. ಹಿಟ್ಟಿಗೆ ಮಳೆಗಾಲದಲ್ಲಿ ೩ ದಿನ, ಬೇಸಗೆಯಲ್ಲಿ ೫ ದಿನ, ಚಳಿಗಾಲದಲ್ಲಿ ೭ ದಿನ. ಫ್ರಿಜ್ ಇದೆಯೆಂದು ಈ ಮರ್ಯಾದೆಯನ್ನು ವಿಸ್ತರಿಸಲಾಗದು. ಶೈತ್ಯವು ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆ, ನಿಲ್ಲಿಸುವುದಿಲ್ಲ. ವೃದ್ಧರಿಗೆ ವಿಶೇಷವಾಗಿ ಅಪಾಯಕರವಾದ ಲಿಸ್ಟೀರಿಯಾ ಎಂಬುದು ಫ್ರಿಜ್ಜಿನೊಳಗೂ ಬೆಳೆಯಬಲ್ಲದು. ನಿಲಯದ ಫ್ರಿಜ್ಜಿನಲ್ಲಿ ತಂಗಳನ್ನು ಇಡಬಾರದು. ಮಧುಮೇಹಿಗಳ ಇನ್ಸುಲಿನ್ ೨ರಿಂದ ೮ ಡಿಗ್ರಿಗಳಲ್ಲಿ ಇರಬೇಕಾದುದರಿಂದ ಅದಕ್ಕೆ ಮುಚ್ಚಳವುಳ್ಳ ಪ್ರತ್ಯೇಕ ಡಬ್ಬಿಯೂ, ಒಳಗೆ ಒಂದು ಉಷ್ಣಮಾಪಕವೂ ಇರಲಿ.

ಹಲ್ಲಿಲ್ಲದವರಿಗೂ ನುಂಗಲಾರದವರಿಗೂ ಅನ್ನವನ್ನು ಮಿಕ್ಸಿಯಲ್ಲಿ ಅರೆದು ಕೊಡುವುದುಂಟು. ಆ ಜಾರನ್ನು ಮಸಾಲೆಯ ಜಾರಿನಿಂದ ಬೇರೆಯಾಗಿಟ್ಟು, ಪ್ರತಿಸಲವೂ ಬಿಚ್ಚಿ ತೊಳೆಯಬೇಕು. ಒಳಲೆಯಂತೆ ಮೂತಿಯುಳ್ಳ ಲೋಟದಲ್ಲಿ ಕುಡಿಸುವುದಾದರೆ ಮೂತಿಯ ಒಳಭಾಗವನ್ನು ಸಣ್ಣ ಕುಂಚದಿಂದ ಉಜ್ಜಬೇಕು. ರೋಗಿಯ ಎಂಜಲು ತಟ್ಟೆಯನ್ನು ತೊಳೆಯಲು ಅಸಹ್ಯಪಡುವವರು ಉದ್ದಾಯನ ಮಹಾರಾಜನನ್ನು ನೆನೆಯಬೇಕು. ರೋಗಿಯಾದ ಮುನಿಯ ವೇಷದಿಂದ ಬಂದ ದೇವನು ಉಂಡು ವಮನ ಮಾಡಿದಾಗ ರಾಜನೂ ರಾಣಿ ಪ್ರಭಾವತಿಯೂ ಹೇಸದೆ ತಮ್ಮ ಕೈಯಿಂದಲೇ ಶುಚಿಗೊಳಿಸಿದರು. ನಿರ್ವಿಚಿಕಿತ್ಸಾ ಅಂಗಕ್ಕೆ ಸಮಂತಭದ್ರರು ಹೆಸರಿಸಿದ ದೃಷ್ಟಾಂತ ಅವನೇ.

ತಿಥಿಯನ್ನನುಸರಿಸಿ ನಿರ್ವಹಣೆ

ಉಪಕರಣಗಳ ನಿರ್ವಹಣೆಗೆ ಪ್ರತ್ಯೇಕ ಪಂಚಾಂಗ ಬೇಕಿಲ್ಲ. ವ್ರತಗಳ ಪಂಚಾಂಗವೇ ಸಾಕು.

ಪ್ರತಿದಿನ: ನಮ್ಮಲ್ಲಿ ರಾತ್ರಿಭೋಜನವಿಲ್ಲದಿರುವುದು ಪಾಕಶಾಲೆಗೆ ಒಂದು ದೊಡ್ಡ ಅನುಕೂಲ. ಸಂಜೆಯ ಊಟವನ್ನು ಬೇಗ ಮುಗಿಸಿ, ಸೂರ್ಯನ ಬೆಳಕಿನಲ್ಲಿಯೇ ಪಾತ್ರೆಗಳನ್ನು ತೊಳೆದು, ಒರಸಿ, ಜಾಲರಿಯ ಮೇಲೆ ಬೋರಲು ಹಾಕಬೇಕು. ನೆನೆಹಾಕಿ ಬೆಳಿಗ್ಗೆ ತೊಳೆಯುವ ರೂಢಿಯನ್ನು ಬಿಡಬೇಕು. ಎಂಜಲು ನೀರು ರಾತ್ರಿಯೆಲ್ಲ ನಿಂತರೆ ರಾತ್ರಿಭೋಜನ ತ್ಯಾಗದ ಉದ್ದೇಶಕ್ಕೇ ಊನ. ನೀರು ಶೋಧಿಸುವ ಬಟ್ಟೆಯು ದಪ್ಪನೆಯದಾಗಿ ಎರಡು ಮಡಿಕೆಯಾಗಿರಲಿ; ಜೀವಾಣಿಯನ್ನು ಮೂಲಜಲಕ್ಕೆ ಯತ್ನದಿಂದ ಮುಟ್ಟಿಸಿ, ಬಟ್ಟೆಯನ್ನು ಒಣಗಿಸಬೇಕು. ಶೋಧಕ ಯಂತ್ರವಿದೆಯೆಂದು ಬಟ್ಟೆಯನ್ನು ಬಿಡಬಾರದು. ಯಂತ್ರದೊಳಗೆ ಸಿಕ್ಕಿದ ಜೀವಕ್ಕೆ ಮರಳಿ ಹೋಗುವ ದಾರಿಯಿಲ್ಲ. ಮೊದಲು ಬಟ್ಟೆ, ಅನಂತರ ಯಂತ್ರ.

ಸಪ್ತಮಿ ಮತ್ತು ತ್ರಯೋದಶಿ: ಮರುದಿನ ಪರ್ವ. ಅಂದು ವ್ರತಿಗಳು ಆರಂಭವನ್ನು ತ್ಯಜಿಸುವರು. ಆದುದರಿಂದ ಬಿಚ್ಚಿ ತೊಳೆಯಬೇಕಾದ ಗ್ಯಾಸ್ಕೆಟ್, ಅಲಗು, ಗ್ರೈಂಡರಿನ ಕಲ್ಲು, ಒಲೆಯ ಬರ್ನರ್, ಚರಂಡಿಯ ಜಾಲರಿ ಇವುಗಳ ಕಾರ್ಯವನ್ನು ಹಿಂದಿನ ದಿನವೇ ಮುಗಿಸಬೇಕು. ರೋಗಿಗಳಿಗೆ ಅಷ್ಟಮಿ-ಚತುರ್ದಶಿಗಳಲ್ಲಿಯೂ ಆಹಾರ ಬೇಕೇ ಬೇಕು. ಆದುದರಿಂದ ನಿತ್ಯದ ತೊಳೆಯುವಿಕೆಯನ್ನು ಪರ್ವದ ನೆಪದಿಂದ ಬಿಡುವಂತಿಲ್ಲ.

ಆಷಾಢದಲ್ಲಿ, ಚಾತುರ್ಮಾಸಕ್ಕೆ ಮುನ್ನ: ನೀರಿನ ತೊಟ್ಟಿಯನ್ನು ಬರಿದುಮಾಡಿ ಉಜ್ಜಬೇಕು. ಗೋಡೆಯ ಬಿರುಕುಗಳನ್ನೂ ಕಪಾಟಿನ ಸಂದುಗಳನ್ನೂ ಮುಚ್ಚಿಸಬೇಕು. ಜಿರಲೆ ಬಂದಮೇಲೆ ವಿಷ ಹಾಕುವುದಕ್ಕಿಂತ ಬಾರದಂತೆ ಮಾಡುವುದು ಅಹಿಂಸೆ. ಹಿತ್ತಾಳೆ-ತಾಮ್ರದ ಪಾತ್ರೆಗಳ ಕಲಾಯಿಯನ್ನು ಪರೀಕ್ಷಿಸಬೇಕು. ಕಲಾಯಿ ಸವೆದಲ್ಲಿ ಹುಳಿ, ಸಾರು, ಮಜ್ಜಿಗೆ ತಗಲಿದರೆ ಕಿಲುಬು ಹುಟ್ಟಿ ಆಹಾರವು ವಿಷಮಯವಾಗುತ್ತದೆ. ಬಿರುಕುಬಿಟ್ಟ ಮರದ ಹಲಗೆ, ಗೀರುಬಿದ್ದ ಪ್ಲಾಸ್ಟಿಕ್ ಪಾತ್ರೆ, ಗಟ್ಟಿಯಾದ ಗ್ಯಾಸ್ಕೆಟ್, ಅವಧಿ ಮೀರಿದ ಗ್ಯಾಸ್ ಕೊಳವೆ ಇವನ್ನು ಬದಲಿಸಬೇಕು. ಭಾದ್ರಪದ ಶುಕ್ಲ ಪಂಚಮಿಯಿಂದ ದಶಲಕ್ಷಣ ಪರ್ವ ಆರಂಭವಾಗುವ ಮೊದಲು ಇದೆಲ್ಲವನ್ನೂ ಮತ್ತೊಮ್ಮೆ ನೋಡುವುದು ಒಳ್ಳೆಯದು.

ಶಂಕೆ - ಸಮಾಧಾನ

ಶಂಕೆ: ಕುದಿನೀರಿನಿಂದಲೂ ಔಷಧದ್ರವದಿಂದಲೂ ಪಾತ್ರೆ ತೊಳೆದರೆ ಜೀವಹಿಂಸೆಯಾಗುವುದಿಲ್ಲವೇ?

ಸಮಾಧಾನ: ಕ್ರಮವನ್ನು ಅರಿತರೆ ಹಿಂಸೆಯು ಅತ್ಯಲ್ಪವಾಗುತ್ತದೆ. ಉಂಡೊಡನೆ ಎಂಜಲನ್ನು ತೆಗೆದು, ಉಜ್ಜಿ, ತೊಳೆದರೆ ಜೀವೋತ್ಪತ್ತಿಗೆ ಆಧಾರವೇ ಉಳಿಯದು. ಹೀಗೆ ಶುದ್ಧವಾದ ಪಾತ್ರೆಗೆ ಬಿಸಿನೀರನ್ನು ಹಾಯಿಸಬೇಕು. ಆ ನೀರನ್ನು ಚರಂಡಿಗೆ ಹಾಗೆಯೇ ಚೆಲ್ಲದೆ ಆರಿಸಿ ಚೆಲ್ಲಬೇಕು. ರಾತ್ರಿಯೆಲ್ಲ ಎಂಜಲನ್ನು ಬಿಟ್ಟು ಅಸಂಖ್ಯಾತ ಜೀವಗಳನ್ನು ಹುಟ್ಟಿಸಿ ಬೆಳಿಗ್ಗೆ ಕುದಿನೀರು ಸುರಿಯುವುದೇ ದೊಡ್ಡ ಹಿಂಸೆ. ನಿಲಯದಲ್ಲಿ ರೋಗವು ಹರಡಿ, ವೈದ್ಯರು ಕ್ರಿಮಿನಾಶಕ ದ್ರವವನ್ನು ಬಳಸಲು ಹೇಳಿದರೆ ಅದನ್ನು ಪಾಲಿಸಬೇಕು. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದವನು; ರಕ್ಷಣೆಯ ಕಾರ್ಯದಲ್ಲಿ ತಪ್ಪದೆ ಬರುವ ಆರಂಭೀ ಹಿಂಸೆಯನ್ನು ಯತ್ನದಿಂದ ಕಡಿಮೆ ಮಾಡಿಕೊಳ್ಳಬೇಕಾದವನು. ಆದರೆ ಇದು ನಿತ್ಯದ ಆಲಸ್ಯಕ್ಕೆ ಕೊಟ್ಟ ಅನುಮತಿಯಲ್ಲ.

ಶಂಕೆ: ಅಡುಗೆಯವರು ಮಡಿಯುಟ್ಟು ಪಾಕ ಮಾಡುವಾಗ ಮತ್ತೆ ಸೋಪಿನಿಂದ ಕೈ ತೊಳೆಯುವ ಅಗತ್ಯವೇನು?

ಸಮಾಧಾನ: ಮಡಿಯು ವಸ್ತ್ರದ ಹಾಗೂ ಭಾವದ ಶುದ್ಧಿ, ಅದು ಕೈಯ ಶುದ್ಧಿಯನ್ನು ನಿಷೇಧಿಸುವುದಿಲ್ಲ. ಆರೋಗ್ಯವಂತರ ಚರ್ಮದಲ್ಲಿಯೂ ಮೂಗಿನಲ್ಲಿಯೂ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದರೆ ಅದರ ವಿಷವು ಕುದಿಸಿದರೂ ಹೋಗದು. ಬೆರಳಿನಲ್ಲಿ ಕೀವುಗಾಯವಿರುವವರು ಗುಣವಾಗುವವರೆಗೆ ಪಾಕದಿಂದ ದೂರವಿರಬೇಕು. ಮಡಿಯ ಸೀರೆಯ ಸೆರಗಿನಲ್ಲಿ ಒದ್ದೆ ಕೈಯನ್ನು ಒರಸುವುದೂ ಯೋಗ್ಯವಲ್ಲ.

ಶಂಕೆ: ಧರ್ಮಾರ್ಥವಾಗಿ ನಡೆಸುವ ಪಾಕಶಾಲೆಗೆ ಸರಕಾರದ ಕಾನೂನು ಅನ್ವಯಿಸುವುದೇ?

ಸಮಾಧಾನ: ಅನ್ವಯಿಸುತ್ತದೆ. ೨೦೦೬ರ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಕಾಯ್ದೆಯು ಆಹಾರೋದ್ಯಮದ ವ್ಯಾಖ್ಯೆಯಲ್ಲಿ ಲಾಭಕ್ಕಾಗಿ ನಡೆಸುವುದನ್ನೂ ಲಾಭವಿಲ್ಲದೆ ನಡೆಸುವುದನ್ನೂ ಸೇರಿಸಿದೆ. ೨೦೧೧ರ ಪರವಾನಗಿ ಮತ್ತು ನೋಂದಣಿ ನಿಯಮಾವಳಿಯ ನಾಲ್ಕನೆಯ ಅನುಸೂಚಿಯು ಪಾಕಸ್ಥಳದ, ಉಪಕರಣಗಳ ಮತ್ತು ಕೆಲಸಗಾರರ ಶುಚಿತ್ವವನ್ನು ವಿಧಿಸುತ್ತದೆ. ವ್ರತಶುದ್ಧಿಯನ್ನು ಬಯಸುವವರಿಗೆ ಇದು ಹೊರೆಯಾಗಲಾರದು.

ಹೊಣೆ ಯಾರದು?

ಪಾಕಶಾಲೆಯಲ್ಲಿ ಲೋಪವಾದಾಗ ಅಡುಗೆಯವಳನ್ನು ದೂಷಿಸುವುದು ಸುಲಭ. ಆದರೆ ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಆಸ್ರವವಾಗುತ್ತದೆಂದು ಸೂತ್ರಕಾರರು ಹೇಳಿರುವರು. ನಾರು, ಸೋಪು, ಒಣಬಟ್ಟೆಗಳನ್ನು ಒದಗಿಸದೆ ಶುದ್ಧಿಯನ್ನು ನಿರೀಕ್ಷಿಸುವ ವ್ಯವಸ್ಥಾಪಕರು ಕಾರಿತದ ಭಾಗಿಗಳು. ನಿಲಯಕ್ಕೆ ಭೇಟಿಕೊಟ್ಟು, ಊಟ ಮಾಡಿ, ಪಾತ್ರೆ ತೊಳೆಯುವ ಸ್ಥಳದ ಕಡೆ ಕಣ್ಣೆತ್ತಿಯೂ ನೋಡದೆ ಪ್ರಶಂಸೆ ಬರೆದು ಬರುವ ನಾವು ಅನುಮೋದನೆಯ ಭಾಗಿಗಳು.

ಆದುದರಿಂದ ಉಪಕರಣದಾನದ ಕ್ರಮವನ್ನು ತಿದ್ದಿಕೊಳ್ಳೋಣ. ಪಾತ್ರೆಯನ್ನು ಕೊಡುವವರು ಅದರ ಕಲಾಯಿಯ ವೆಚ್ಚವನ್ನೂ ಸೇರಿಸಿ ಕೊಡಲಿ. ಮಿಕ್ಸಿಯನ್ನು ಕೊಡುವವರು ವರ್ಷಕ್ಕೊಮ್ಮೆ ಅದರ ರಬ್ಬರ್ ಉಂಗುರವನ್ನು ಬದಲಿಸುವ ಹೊಣೆಯನ್ನು ಹೊರಲಿ. ಹುಟ್ಟುಹಬ್ಬಕ್ಕೋ ಹಿರಿಯರ ಸ್ಮರಣೆಗೋ ಸಿಹಿಯೂಟ ಮಾಡಿಸುವ ಕುಟುಂಬಗಳು ಒಂದು ಸಲ ಅದರ ಬದಲು ಎರಡು ಡಜನ್ ಒರಸುವ ಬಟ್ಟೆಗಳನ್ನೂ, ಪಾತ್ರೆ ತೊಳೆಯಲು ಇನ್ನೊಬ್ಬ ಸೇವಕಿಯ ಒಂದು ತಿಂಗಳ ಸಂಬಳವನ್ನೂ ಕೊಡಲಿ. ಹತ್ತಿರದಲ್ಲಿರುವವರು ತಿಂಗಳಿಗೊಂದು ತ್ರಯೋದಶಿಯ ಮಧ್ಯಾಹ್ನ ಹೋಗಿ ತಾವೇ ಪಾತ್ರೆ ಉಜ್ಜಲು ಕುಳಿತುಕೊಳ್ಳಲಿ. ಈ ದಾನಕ್ಕೆ ಫಲಕವಿಲ್ಲ, ಹೆಸರಿಲ್ಲ. ಮರುದಿನ ಉಪವಾಸವನ್ನು ಕೈಕೊಂಡು ಅದರ ಮಾರನೆಯ ದಿನ ನಿಶ್ಚಿಂತೆಯಿಂದ ಪಾರಣೆಗೆ ಕುಳಿತ ವೃದ್ಧರ ಸಮಾಧಾನದ ಮುಖವೇ ಅದರ ಸಾಕ್ಷಿ.

ಮನೆಯವರೆಲ್ಲ ಕೂಡಿ ವಿಚಾರಿಸಬೇಕಾದ ಪ್ರಶ್ನೆಗಳು

೧. ನಿಕ್ಷೇಪದ ನಾಲ್ಕು ದೋಷಗಳಾವುವು? ನಿಮ್ಮ ಅಡುಗೆಮನೆಯಿಂದ ಒಂದೊಂದಕ್ಕೆ ಒಂದು ಉದಾಹರಣೆ ಕೊಡಿರಿ.
೨. ಬಿಚ್ಚದ ಹೊರತು ಒಳಗನ್ನು ನೋಡಲಾಗದ ಎಷ್ಟು ಉಪಕರಣಗಳು ನಿಮ್ಮ ಮನೆಯಲ್ಲಿವೆ? ಅವನ್ನು ಕೊನೆಯ ಸಲ ಬಿಚ್ಚಿದ್ದು ಯಾವ ತಿಥಿಯಂದು?
೩. ಹುಟ್ಟಿದ ಜೀವಗಳನ್ನು ನಾಶಮಾಡುವುದಕ್ಕೂ ಹುಟ್ಟದಂತೆ ಎಚ್ಚರವಹಿಸುವುದಕ್ಕೂ ಇರುವ ಭೇದವನ್ನು ವಿವರಿಸಿರಿ.
೪. ನಿಮ್ಮ ಊರಿನ ಸಮೀಪದ ವೃದ್ಧರ ಅಥವಾ ರೋಗಿಗಳ ನಿಲಯಕ್ಕೆ ಈ ಚಾತುರ್ಮಾಸದಲ್ಲಿ ನೀವು ಸಲ್ಲಿಸಬಹುದಾದ ಉಪಕರಣ ವೈಯಾವೃತ್ತ್ಯ ಯಾವುದು?